ನಾನು ಕೇಳೋದು ಕೈಯಲ್ಲಿ

2017ನೆಯ ಇಸವಿ ಮಾರ್ಚ್ 14, ಮಂಗಳವಾರ, ಬೆಳಿಗ್ಗೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಆಸ್ಪತ್ರೆಯ ನೆಲಮಹಡಿಯ ಸೂಚನಾ ಫಲಕಕ್ಕೆ ಒಂದು ಹಾಳೆಯನ್ನು ನಾಲ್ಕು ಪಿನ್ನುಗಳಿಂದ ಚುಚ್ಚಲಾಯಿತು. ಹಾಳೆಯಲ್ಲಿದ್ದದ್ದು ಪೂರ್ತಿ ಸುಳ್ಳಲ್ಲ, ಅರ್ಧ ಮಾತು. ಪೂರ್ತಿ ಸುಳ್ಳಾಗಿದ್ದರೆ ಎದುರು ನಿಂತು ಜಗಳವಾಡಬಹುದಿತ್ತು. ಅರ್ಧ ಮಾತಿಗೆ ಸಿಕ್ಕವರು 'ಹಾಗೆ ಹೇಳಿದ್ದು ಹೌದು, ಆದರೆ' ಎಂದು ತಡವರಿಸಬೇಕು. ಆ 'ಆದರೆ' ಮುಗಿಯುವಷ್ಟರಲ್ಲಿ ಜನ ಎದ್ದು ಹೋಗಿರುತ್ತಾರೆ.

ಹಾಳೆಯ ಒಕ್ಕಣೆ ಅಕ್ಷರಶಃ ಹೀಗಿತ್ತು: 'ಫಿಸಿಯೋಥೆರಪಿ ವಿಭಾಗದಲ್ಲಿ ಗೌರವ ಸೇವೆ ಸಲ್ಲಿಸುತ್ತಿದ್ದ ಹಿರಿಯ ಸಹಾಯಕಿಯವರು ರೋಗಿಗಳನ್ನು ಕೇಳದೆಯೇ ಮುಟ್ಟುವ ಅಭ್ಯಾಸವನ್ನು ವಿಚಾರಣೆಯಲ್ಲಿ ಸ್ವತಃ ಒಪ್ಪಿಕೊಂಡಿರುವುದರಿಂದ, ಅವರ ಸೇವೆಯನ್ನು ಈ ದಿನದಿಂದ ನಿಲ್ಲಿಸಲಾಗಿದೆ.'

ಹಿರಿಯ ಸಹಾಯಕಿ ಎಂದರೆ ಯಾರೆಂದು ಆ ಕಟ್ಟಡದಲ್ಲಿ ಯಾರೂ ಕೇಳಬೇಕಿರಲಿಲ್ಲ. ಹನ್ನೆರಡನೆಯ ನಂಬರಿನ ಕೋಣೆಯ ಕೈಯಮ್ಮ.

ಕೈಯಮ್ಮ ಸರಿಯಾಗಿ ಅದೇ ಹೊತ್ತಿಗೆ ಒಳಗೆ ಬಂದರು. ಹೆಗಲಲ್ಲಿ ಎಂದಿನ ಬಟ್ಟೆಯ ಚೀಲ. ಅದರೊಳಗೆ ಮಡಿಸಿಟ್ಟ ಎರಡು ಟವೆಲು, ಒಂದು ಪೌಡರ್ ಡಬ್ಬಿ, ನೇಲ್ ಕಟ್ಟರು, ಕನ್ನಡಕ. ಫಲಕದ ಮುಂದೆ ಕುತ್ತಿಗೆ ಹಿಡಿದುಕೊಂಡಿದ್ದ ಒಬ್ಬ ಬಸ್ ಡ್ರೈವರ್ ನಿಂತಿದ್ದ. ನಾಲ್ಕು ದಿನದಿಂದ ಅವರ ಹತ್ತಿರ ಬರುತ್ತಿದ್ದವನು.

"ಏನಪ್ಪಾ ಅದು? ಮತ್ತೆ ಟೈಮು ಬದಲಾಯಿಸಿದ್ರಾ?" ಎಂದು ಕೇಳಿದರು ಕೈಯಮ್ಮ.

ಕತ್ತು ತಿರುಗದ ಕಾರಣ ಡ್ರೈವರ್ ಇಡೀ ಮೈಯನ್ನೇ, ಬಸ್ಸನ್ನು ತಿರುಗಿಸುವಂತೆ, ನಿಧಾನವಾಗಿ ತಿರುಗಿಸಿದ. "ನಿಮ್ಮ ಕನ್ನಡಕ ಎಲ್ಲಿ ಕೈಯಮ್ಮಾ?"

"ಚೀಲದಲ್ಲಿದೆ. ಈಗ ಯಾರು ತೆಗೀತಾರೆ, ನೀನೇ ಓದಿ ಹೇಳು."

"ಬೇಡಮ್ಮಾ. ನೀವೇ ಓದ್ಕೊಳ್ಳಿ." ಹಾಗೆಂದು ಅವನು ಎರಡು ಹೆಜ್ಜೆ ಹಿಂದೆ ಸರಿದ. ನಿನ್ನೆಯವರೆಗೆ ಇದೇ ಕುತ್ತಿಗೆಯನ್ನು ಅವರ ಅಂಗೈಯಲ್ಲಿಟ್ಟು ಕಣ್ಣು ಮುಚ್ಚುತ್ತಿದ್ದವನು ಆ ಎರಡು ಹೆಜ್ಜೆ ಸರಿದದ್ದು ನಾಚಿಕೆಗೋ ಅನುಮಾನಕ್ಕೋ ಎಂಬುದು ಕೈಯಮ್ಮನಿಗೆ ಇಂದಿಗೂ ತಿಳಿದಿಲ್ಲ. ತಿಳಿಯದಿರುವುದೇ ಹೆಚ್ಚು ಚುಚ್ಚುತ್ತದೆ.

ಅವರು ಕನ್ನಡಕ ತೆಗೆದು ಓದಿದರು. ಓದಿ ಮುಗಿಸಿ, ಚೀಲದಿಂದ ಟವೆಲುಗಳನ್ನು ಹೊರತೆಗೆದು, ಏಕೆ ತೆಗೆದದ್ದೆಂದು ತಿಳಿಯದೆ ಮತ್ತೆ ಒಳಗಿಟ್ಟರು. ಮೂವತ್ತೇಳು ವರ್ಷ, ಏಳು ತಿಂಗಳು, ಎಂಟು ದಿನಗಳ ಮೇಲೆ ಅವರು ಹನ್ನೆರಡನೆಯ ಕೋಣೆಯ ಬಾಗಿಲವರೆಗೂ ಹೋಗದೆ ಮನೆಗೆ ಹಿಂದಿರುಗಿದ್ದು ಅದೇ ಮೊದಲು.

ಈ ಲೆಕ್ಕ ಅಂದಾಜಿನದಲ್ಲ. ಕೈಯಮ್ಮ ಕೆಲಸಕ್ಕೆ ಸೇರಿದ್ದು 1979ರ ಆಗಸ್ಟ್ 6ರಂದು, ಇಪ್ಪತ್ತೇಳನೆಯ ವಯಸ್ಸಿನಲ್ಲಿ. ಸೇರಿದ್ದು ಚಿಕಿತ್ಸೆಯ ಕೆಲಸಕ್ಕಲ್ಲ, ಬಿಸಿನೀರು ಹೊರುವ ಕೆಲಸಕ್ಕೆ. ಹಿತ್ತಲ ಬಾಯ್ಲರಿನಿಂದ ಬಕೆಟ್ಟಿನಲ್ಲಿ ನೀರು ತಂದು, ಟವೆಲು ಅದ್ದಿ, ಹಿಂಡಿ, ಹನ್ನೆರಡನೆಯ ಕೋಣೆಯ ಮಾಸ್ತರ ಕೈಗೆ ಕೊಡಬೇಕು. ಮಾಸ್ತರು ಅದನ್ನು ರೋಗಿಯ ಸೊಂಟಕ್ಕೋ ಹೆಗಲಿಗೋ ಹೊದಿಸಿ ಕಾವು ಕೊಟ್ಟು, ಆಮೇಲೆ ಕೈ ಇಡುತ್ತಿದ್ದರು.

ಮಾಸ್ತರಿಗೆ ಕಣ್ಣು ಮುಕ್ಕಾಲು ಪಾಲು ಹೋಗಿತ್ತು. ಬೆಳಕು ಯಾವ ಕಡೆಗಿದೆ ಎಂಬಷ್ಟು ಮಾತ್ರ ಗೊತ್ತಾಗುತ್ತಿತ್ತು. ಅದಕ್ಕೋ ಏನೋ, 'ನೋಡು' ಎಂಬ ಮಾತನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ನಾವಾದರೋ ಎಲ್ಲವನ್ನೂ ನೋಡುವವರು. ರುಚಿ ನೋಡುತ್ತೇವೆ, ವಾಸನೆ ನೋಡುತ್ತೇವೆ, ಕೊನೆಗೆ ನಾಡಿಯನ್ನೂ ನೋಡುತ್ತೇವೆ. ಒಂದು ದಿನ ಬಕೆಟ್ ಇಳಿಸುತ್ತಿದ್ದ ಹೊಸ ಹೆಂಗಸು "ನೀರು ಬಿಸಿ ಸಾಕಾ, ಮುಟ್ಟಿ ನೋಡಿ ಸಾರ್" ಎಂದದ್ದೇ ತಡ, ಮಾಸ್ತರು ಗದರಿದರು.

"ಮುಟ್ಟಿದ ಮೇಲೆ ನೋಡೋದೇನೇ? ಕೈಗೇನು ಕಣ್ಣಿದೆಯಾ? ಮುಟ್ಟಿ ಕೇಳು ಅನ್ನು. ನೀರು ಹೇಳುತ್ತೆ ಅದು ಎಷ್ಟು ಬಿಸಿ ಅಂತ."

ನಮ್ಮ 'ಕೇಳು' ಎಂಬ ಮಾತಿಗೆ ಎರಡು ಮುಖ. ಪ್ರಶ್ನೆ ಹಾಕುವುದೂ ಕೇಳುವುದೇ, ಕಿವಿಗೊಡುವುದೂ ಕೇಳುವುದೇ. ಮಾಸ್ತರು ಎರಡನ್ನೂ ಬೆರಳ ತುದಿಗೆ ಇಳಿಸಿಕೊಂಡಿದ್ದರು. ನೋವಿರುವ ಗಂಟಿನ ಮೇಲೆ ಬೆರಳಿಟ್ಟು 'ಎಷ್ಟು ಬಿಗಿ? ಯಾವ ಕಡೆಗೆ ಹೋದರೆ ನಿನಗೆ ಹಗುರ?' ಎಂದು ಕೇಳುವುದು. ಆಮೇಲೆ ಬೆರಳನ್ನು ಕದಲಿಸದೆ ಉತ್ತರ ಬರುವವರೆಗೆ ಕೇಳುತ್ತಾ ಇರುವುದು. ಹನ್ನೆರಡನೆಯ ಕೋಣೆಯ ಮಟ್ಟಿಗೆ 'ಕೇಳುವುದು' ಎಂದರೆ ಇದೊಂದೇ ಅರ್ಥ. ಈ ಅಂಶವನ್ನು ಓದುಗರು ದಯವಿಟ್ಟು ನೆನಪಿಡಬೇಕು. ಮುಂದಿನ ಅನ್ಯಾಯವೆಲ್ಲ ಈ ಒಂದು ಪದದ ಮೇಲೆ ನಿಂತಿದೆ.

ಗದರಿಸಿಕೊಂಡ ಹೆಂಗಸು ಮರುದಿನವೂ ಬಂದಳು, ಮೂಲೆಯಲ್ಲಿ ನಿಂತು ಮಾಸ್ತರ ಕೈಯನ್ನೇ ಗಮನಿಸಿದಳು. ಅದು ಮಾಸ್ತರಿಗೆ ಹೇಗೆ ತಿಳಿಯಿತೋ! "ಕಲೀಬೇಕಾ?" ಎಂದರು. ಮೇಜಿನ ಮೇಲೆ ಒಂದು ಹೊಲಿಗೆಯ ದಾರ ಇಟ್ಟು, ಮೇಲೊಂದು ಹಳೆಯ ಪತ್ರಿಕೆಯ ಹಾಳೆ ಹಾಸಿ, "ಎಲ್ಲಿದೆ ಹೇಳು" ಎಂದರು. ಹೇಳಿದಳು. ಮರುದಿನ ಎರಡು ಹಾಳೆ. ಆಮೇಲೆ ಮೂರು. ಒತ್ತಿದರೆ ದಾರ ಕಳೆದುಹೋಗುತ್ತಿತ್ತು. ಬೆರಳು ಹಗುರಾದಷ್ಟೂ ಸಿಗುತ್ತಿತ್ತು. ಎಂಟು ತಿಂಗಳು ಕಳೆಯುವಾಗ ಹದಿನಾರು ಹಾಳೆಗಳ ಕೆಳಗಿನ ದಾರವನ್ನು ಹೇಳುವಂತಾದಳು. ಅಂದು ಮಾಸ್ತರು ಬಕೆಟ್ಟನ್ನು ಬೇರೆಯವರಿಗೆ ಹೊರಿಸಿ, ಒಬ್ಬ ಟೈಲರ್‌ನ ಹೆಗಲನ್ನು ಅವಳ ಕೈಗೆ ಒಪ್ಪಿಸಿದರು. ಬಿಸಿನೀರಿನ ಹೆಂಗಸು ಕೈಯಮ್ಮ ಆದದ್ದು ಹಾಗೆ.

ಅವರ ಕೆಲಸವನ್ನು ಕಂಡವರಿಗೆ ಅದು ಕೆಲಸದಂತೆ ಕಾಣುತ್ತಲೇ ಇರಲಿಲ್ಲ. ತಿಕ್ಕುವುದಿಲ್ಲ, ಗುದ್ದುವುದಿಲ್ಲ, ಲಟಿಕೆ ಮುರಿಯುವುದಿಲ್ಲ. ಟೈಲರ್‌ನ ಹೆಗಲಿನ ಗಂಟಿನ ಮೇಲೆ ಎಡಗೈಯ ಒಂದು ಬೆರಳು. ಬಲಗೈಯಲ್ಲಿ ಅವನ ಇಡೀ ತೋಳು, ಮಲಗಿದ ಮಗುವನ್ನು ಎತ್ತಿಕೊಂಡಂತೆ. ಆ ತೋಳನ್ನು ಒಂದಿಷ್ಟು ಮೇಲೆ, ಒಂದಿಷ್ಟು ಒಳಕ್ಕೆ ತಂದು, ಗಂಟು ಎಲ್ಲಿ ಬಿಗಿ ಬಿಡುತ್ತದೋ ಅಲ್ಲಿ ನಿಲ್ಲಿಸಿ ತೊಂಬತ್ತು ಎಣಿಸುವವರೆಗೆ ಹಾಗೇ ಹಿಡಿದಿರುವುದು. ಆಮೇಲೆ ಬಂದದ್ದಕ್ಕಿಂತ ನಿಧಾನವಾಗಿ ತೋಳನ್ನು ಹಾಸಿಗೆಗೆ ಇಳಿಸುವುದು. ಕೈಯಮ್ಮ ಪವಾಡ ಮಾಡಿದರೆಂದು ಇಲ್ಲಿ ಹೇಳುತ್ತಿಲ್ಲ. ಮೂಳೆ ಮುರಿದವರನ್ನು, ಜ್ವರವಿದ್ದವರನ್ನು, ಕೈಕಾಲು ಜೋಮು ಹಿಡಿದವರನ್ನು ಅವರು ಮುಟ್ಟದೆ ಡಾಕ್ಟರ ಕಡೆಗೆ ಕಳಿಸುತ್ತಿದ್ದರು. ಎಲ್ಲರ ನೋವೂ ಹೋಯಿತೆಂದೂ ಅಲ್ಲ. ಆದರೆ ಅವರ ಕೈಯಿಂದ ನೋವು ಹೆಚ್ಚಾಯಿತೆಂಬ ಒಂದೇ ಒಂದು ದೂರು ಅಷ್ಟು ವರ್ಷಗಳ ಕಡತದಲ್ಲಿ ಇಲ್ಲ.

ಇನ್ನೊಂದು ಸಂಗತಿ ಮಾಸ್ತರಿಂದ ಬಂದದ್ದಲ್ಲ, ಕೈಯಮ್ಮನದೇ. ಮೊದಲ ವರ್ಷ, ಬೋರಲು ಮಲಗಿದ್ದ ಒಬ್ಬ ಶಾಲಾ ಟೀಚರ್ ಬೆನ್ನ ಮೇಲೆ ಕೈ ಬಿದ್ದೊಡನೆ ಬೆಚ್ಚಿ ಎದ್ದು ಕುಳಿತರು. ಬೋರಲು ಮಲಗಿದವರಿಗೆ ಬರುವ ಕೈ ಕಾಣುವುದಿಲ್ಲವಲ್ಲ! ಅಂದಿನಿಂದ ಕೈಯಮ್ಮ ಹಾಸಿಗೆಯ ತಲೆಯ ಕಡೆ ಬಂದು ನಿಂತು, ತಗ್ಗಿದ ದನಿಯಲ್ಲಿ "ಬರ್ಲಾ?" ಎನ್ನುತ್ತಿದ್ದರು. ರೋಗಿ "ಹೂಂ" ಎಂದರೆ ಮಾತ್ರ ಕೈ ಮುಂದಕ್ಕೆ. ಒಮ್ಮೆ ಲಾಂಡ್ರಿಯವನೊಬ್ಬ ಬೋರಲು ಮಲಗಿದ್ದೇ ಗೊರಕೆ ಹೊಡೆಯತೊಡಗಿದ. 'ಹೂಂ' ಬರಲಿಲ್ಲ, ಕೈಯಮ್ಮ ಮುಟ್ಟಲಿಲ್ಲ. ಸ್ಟೂಲಿನ ಮೇಲೆ ಕುಳಿತು ಕಾದರು. ಅರ್ಧ ಗಂಟೆ ಬಿಟ್ಟು ಎದ್ದವನು ಸೊಂಟ ತಿರುಗಿಸಿ, "ಎಂಥಾ ಕೈಯಮ್ಮಾ ನಿಮ್ದು! ಇಟ್ಟಿದ್ದೇ ಗೊತ್ತಾಗ್ಲಿಲ್ಲ, ನೋವು ಅರ್ಧ ಹೋಗಿದೆ" ಎಂದು ಕೈ ಮುಗಿದು ಹೋದ. ಆ ಕಥೆಯನ್ನು ಕೈಯಮ್ಮ ಇಪ್ಪತ್ತು ವರ್ಷ ಹೇಳಿ ನಕ್ಕರು.

ಈ 'ಬರ್ಲಾ'ವನ್ನು ಮಾತ್ರ ಅವರು ಎಂದೂ 'ಕೇಳುವುದು' ಎಂದು ಕರೆಯಲಿಲ್ಲ. ಅವರ ಮಟ್ಟಿಗೆ ಅದು ಮನೆಗೆ ಹೋಗುವ ಮೊದಲು ಬಾಗಿಲು ತಟ್ಟಿದಂತೆ. ಕೇಳುವುದೇನಿದ್ದರೂ ಒಳಗೆ ಹೋದ ಮೇಲೆ.

2005ರಲ್ಲಿ ಹನ್ನೆರಡನೆಯ ಕೋಣೆಗೆ ಡಿಪ್ಲೊಮಾ ಮುಗಿಸಿದ ಇಪ್ಪತ್ತಮೂರರ ಹುಡುಗಿಯೊಬ್ಬಳು ಬಂದಳು. ಬಂದ ದಿನವೇ ಮೂರು ಸ್ವಿಚ್ಚು ಹಾಕಿ, ಎರಡು ಕಿಟಕಿ ತೆರೆದು, ಒಂದು ಹಳೆಯ ಚಾರ್ಟ್ ಹರಿದಳು. "ಏನು ಚೂಟಿನಮ್ಮಾ ಇದು!" ಎಂದರು ಕೈಯಮ್ಮ. ಚೂಟಿ ಎಂಬ ಹೆಸರು ಉಳಿಯಿತು. ಓದಿನಲ್ಲಿ ಮುಂದು, ಕೈಯಲ್ಲಿ ಅವಸರ. ಸ್ನಾಯುಗಳ ಹೆಸರನ್ನೆಲ್ಲ ಗಿಣಿಯ ಹಾಗೆ ಒಪ್ಪಿಸುತ್ತಿದ್ದಳು. ಹೆಬ್ಬೆರಳು ಊರಿದರೆ ರೋಗಿ ಅಯ್ಯೋ ಎನ್ನುತ್ತಿದ್ದ. ಕೈಯಮ್ಮ ಅವಳ ಮುಂದೆ ದಾರವಿಟ್ಟು ಹಾಳೆ ಹಾಸಿದರು.

"ಅಮ್ಮಾ, ಕಾಲೇಜಲ್ಲಿ ಇದನ್ನೆಲ್ಲ ಮಾಡಿಸ್ಲಿಲ್ಲ."

"ಕಾಲೇಜಲ್ಲಿ ನಿನಗೆ ಹೆಸರು ಹೇಳ್ಕೊಟ್ರು. ನಾನು ಮನೆ ತೋರಿಸ್ತೀನಿ ಬಾ."

ಎರಡು ವರ್ಷದಲ್ಲಿ ಚೂಟಿ ಹನ್ನೊಂದು ಹಾಳೆಗಳ ಕೆಳಗಿನ ದಾರವನ್ನು ಹೇಳಬಲ್ಲವಳಾದಳು. 'ಬರ್ಲಾ' ಎನ್ನುವುದನ್ನೂ ಕಲಿತಳು, ಅದೇ ತಗ್ಗಿದ ದನಿಯಲ್ಲಿ. ಕಣ್ಣು ಮುಚ್ಚಿದವರಿಗೆ ಯಾರು ಅಮ್ಮ, ಯಾರು ಮಗಳು ತಿಳಿಯುವುದಿಲ್ಲ ಎಂದು ರೋಗಿಗಳು ತಮಾಷೆ ಮಾಡುತ್ತಿದ್ದರು. ಇಬ್ಬರದೂ ಒಂದೇ ಊಟದ ಡಬ್ಬಿ. ಹೆರಿಗೆಯಾದ ಮೇಲೆ ಚೂಟಿಗೆ ಬೆನ್ನು ಹಿಡಿದಾಗ ಕೈಯಮ್ಮ ಎರಡು ಬಸ್ಸು ಬದಲಾಯಿಸಿ ಅವಳ ಮನೆಗೆ ಇಪ್ಪತ್ತೊಂದು ಬೆಳಿಗ್ಗೆ ಹೋದರು. ಒಂದು ದಿನವೂ ತಪ್ಪಿಸಲಿಲ್ಲ. 2012ರ ಮೇ 31ರಂದು ಕೈಯಮ್ಮ ನಿವೃತ್ತರಾದಾಗ ಎಲ್ಲರೆದುರು ಅತ್ತವಳು ಚೂಟಿ. ವಾರಕ್ಕೆ ಮೂರು ಬೆಳಿಗ್ಗೆ ಬಂದು ಕೋಣೆಯನ್ನು ನಡೆಸಿಕೊಡಬೇಕೆಂದು ಆಡಳಿತದವರಿಂದ ಪತ್ರ ಬರೆಸಿಕೊಂಡು ಬಂದವಳೂ ಚೂಟಿ. ಇದನ್ನೂ ಹೇಳದಿದ್ದರೆ ಅವಳಿಗೆ ಅನ್ಯಾಯವಾಗುತ್ತದೆ. ಅರ್ಧ ಮಾತಿನ ವ್ಯವಹಾರ ಈ ಬರಹಕ್ಕೆ ಬೇಡ.

2017ರಲ್ಲಿ ಆಸ್ಪತ್ರೆಯ ಎಲ್ಲ ವಿಭಾಗಗಳ ಪರಿಶೀಲನೆಗೆ ಆಡಳಿತ ಮಂಡಳಿಯವರು ಒಂದು ಸಮಿತಿ ಮಾಡಿದರು: ಅಧ್ಯಕ್ಷತೆಗೆ ಆಸ್ಪತ್ರೆಯ ಅಧೀಕ್ಷಕರು, ಹೊರಗಿನಿಂದ ಬಂದ ಒಬ್ಬ ಪರಿಶೀಲಕರು, ನಡಾವಳಿ ಬರೆದುಕೊಳ್ಳುವ ಕಾರ್ಯದರ್ಶಿಯಾಗಿ ಚೂಟಿ. ಮಾರ್ಚ್ 2, ಗುರುವಾರ, ಹನ್ನೊಂದು ಗಂಟೆಗೆ ಕೈಯಮ್ಮನ ಸರದಿ. ಮೆಟ್ಟಿಲ ತಿರುವಿನಲ್ಲಿ ಚೂಟಿ ಅವರನ್ನು ನಿಲ್ಲಿಸಿ ಸೆರಗು ಸರಿಮಾಡಿದಳು.

"ಅಮ್ಮಾ, ಕೇಳಿದ್ದಕ್ಕಷ್ಟೇ ಉತ್ತರ ಹೇಳಿ. ದಾರ, ಹಾಳೆ, ಮಾಸ್ತರು ಅಂತ ಬಿಡಿಸಿ ಹೇಳೋಕೆ ಹೋಗ್ಬೇಡಿ. ಉಳಿದದ್ದು ನಾನು ನೋಡ್ಕೋತೀನಿ."

"ನೀನಿದ್ದೀಯಲ್ಲ, ನನಗೇನು ಭಯ!" ಎಂದರು ಕೈಯಮ್ಮ.

ಒಳಗೆ ಉದ್ದನೆಯ ಮೇಜು, ಮೂರು ನೀರಿನ ಲೋಟ. ಪರಿಶೀಲಕರು ಮುದ್ರಿತ ಪಟ್ಟಿಯಿಂದ ತಲೆಯೆತ್ತದೆ ಪ್ರಶ್ನೆ ಓದುತ್ತಿದ್ದರು. ಕೈ ತೊಳೆಯುತ್ತೀರಾ? ಉಗುರು ಕತ್ತರಿಸುತ್ತೀರಾ? ಯಾವ ರೋಗಿಗಳನ್ನು ಡಾಕ್ಟರ ಬಳಿಗೆ ಕಳಿಸುತ್ತೀರಿ? ಕೈಯಮ್ಮ ಎಲ್ಲಕ್ಕೂ ಚೊಕ್ಕವಾಗಿ ಉತ್ತರಿಸಿದರು. ಒಂಬತ್ತನೆಯ ಪ್ರಶ್ನೆ ಬಂತು.

"ಮುಟ್ಟೋಕೆ ಮುಂಚೆ ರೋಗಿಯನ್ನ ಬಾಯಿಬಿಟ್ಟು ಕೇಳ್ತೀರಾ?"

ಕೈಯಮ್ಮನಿಗೆ ನಗು ಬಂತು. ಮಾಸ್ತರ ಕೋಣೆಯಲ್ಲಿ ಬೆಳೆದವರಿಗೆ ಆ ಪ್ರಶ್ನೆ, 'ಕಿವಿಯಲ್ಲಿ ಊಟ ಮಾಡುತ್ತೀರಾ' ಎಂದಂತೆ ಕೇಳಿಸಿತು. "ಬಾಯಲ್ಲಿ ಕೇಳೋದಿಲ್ಲ ಸಾರ್. ಬಾಯಿಗೇನು ಗೊತ್ತಾಗುತ್ತೆ? ನಾನು ಕೇಳೋದು ಕೈಯಲ್ಲಿ."

ಪರಿಶೀಲಕರು ಮೊದಲ ಬಾರಿಗೆ ತಲೆಯೆತ್ತಿದರು. ಅಧೀಕ್ಷಕರು ಗಡಿಯಾರ ನೋಡಿಕೊಂಡರು. ಅವರಿಬ್ಬರಿಗೂ ಈ ಮಾತಿನ ಒಳಗು ತಿಳಿಯದಿದ್ದರೆ ಅದು ಅಪರಾಧವಲ್ಲ, 'ಹಾಗೆಂದರೇನು' ಎಂದು ಮರುಪ್ರಶ್ನೆ ಹಾಕದಿದ್ದದ್ದು ಅಪರಾಧ. ಆದರೆ ಆ ಕೋಣೆಯಲ್ಲಿ ಮೂರನೆಯವಳೊಬ್ಬಳಿದ್ದಳು. 'ಕೇಳುವುದು' ಎಂದರೆ ಕೈಯಮ್ಮನ ಬಾಯಲ್ಲಿ ಏನರ್ಥವೆಂದು ಹನ್ನೆರಡು ವರ್ಷದಿಂದ ಬಲ್ಲವಳು, ಅಂದು ಬೆಳಿಗ್ಗೆಯೂ ಪಕ್ಕದ ಹಾಸಿಗೆಯಿಂದ ಅವರ 'ಬರ್ಲಾ'ವನ್ನು ಕಿವಿಯಾರೆ ಕೇಳಿ ಬಂದಿದ್ದವಳು. "ಸಾರ್, ಇವರು ಪ್ರತಿಯೊಬ್ಬರನ್ನೂ 'ಬರ್ಲಾ' ಅಂತ ಕೇಳಿಯೇ ಮುಟ್ಟೋದು" ಎಂಬ ಒಂದು ವಾಕ್ಯ ಸಾಕಿತ್ತು. ಅವಳು ತಲೆ ತಗ್ಗಿಸಿ ಬರೆಯುತ್ತಲೇ ಇದ್ದಳು.

ನಾಲ್ಕು ದಿನ ಬಿಟ್ಟು, ಸೋಮವಾರ, ಚೂಟಿ ಟೈಪಾದ ಹಾಳೆಯನ್ನು ಹನ್ನೆರಡನೆಯ ಕೋಣೆಗೆ ತಂದಳು. ಕೈಯಮ್ಮನ ಎರಡು ಕೈಯೂ ಒಬ್ಬರ ತಲೆಯ ಕೆಳಗಿದ್ದವು.

"ಅಮ್ಮಾ, ಒಂದು ಸಹಿ. ಮೊನ್ನೆ ನೀವು ಹೇಳಿದ್ದೇ. ಓದಿ ಹೇಳ್ಲಾ?"

"ನೀನೇ ಬರೆದದ್ದಲ್ವೇನೇ? ಇಡು ಅಲ್ಲಿ, ತೊಂಬತ್ತು ಮುಗೀಲಿ." ತೊಂಬತ್ತು ಎಣಿಸಿ ಮುಗಿಸಿ, ಕೈ ಒರೆಸಿಕೊಂಡು, ಕನ್ನಡಕವಿಲ್ಲದೆ, ಅವಳು ಬೆರಳು ಇಟ್ಟು ತೋರಿಸಿದ ಜಾಗದಲ್ಲಿ ಸಹಿ ಹಾಕಿದರು. ಸಹಿ ಅವರದೇ. ಓದದೆ ಹಾಕಿದ್ದು ಅವರ ತಪ್ಪು. ಇದನ್ನು ಕೈಯಮ್ಮನೂ ಅಲ್ಲಗಳೆಯುವುದಿಲ್ಲ.

ಎಂಟು ದಿನದ ನಂತರ ಫಲಕದ ಮೇಲೆ ಹಾಳೆ ಬಂತು.

ಅವರ ಯಜಮಾನರು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು, ಮೊಣಕಾಲು ನೋವಿನವರು. ಅಂದು ಹತ್ತು ಗಂಟೆಗೇ ಮನೆಗೆ ಬಂದ ಹೆಂಡತಿಯನ್ನು ಕಂಡು, ವಿಷಯ ತಿಳಿದು, ಮೊಣಕಾಲು ಹಿಡಿದುಕೊಂಡು ಕುರ್ಚಿಯಲ್ಲಿ ಕುಳಿತರು. ಆಮೇಲೆ ಮನುಷ್ಯನಿಗೆ ತಡೆಯಲಾಗಲಿಲ್ಲ.

"ಕಂಪ್ಲೇಂಟ್ ಕೊಡೋದಿದ್ರೆ ನಾನು ಕೊಡ್ಬೇಕಿತ್ತು ಕಣೇ. ಊರಿಗೆಲ್ಲ ಬರ್ಲಾ ಬರ್ಲಾ ಅಂತೀಯ, ನನ್ನ ಮಂಡಿಗೆ ಒಂದು ದಿನ ಅಂದಿದ್ಯಾ? ಸೀದಾ ಬಂದು ಹಿಡಿಯೋದೇ."

ಬೇರೆ ದಿನವಾಗಿದ್ದರೆ ಅವರು ತಿರುಗಿ ನಾಲ್ಕು ಮಾತು ಹೇಳುತ್ತಿದ್ದರು. ಅಂದು ಸಂಜೆ, ಎಂದಿನಂತೆ ಕುರ್ಚಿಯ ಎದುರು ಕುಳಿತು, ಗಂಡನ ಮೊಣಕಾಲಿನವರೆಗೆ ಹೋದ ಕೈ ನಡುವೆ ನಿಂತಿತು. "ರೀ... ಬರ್ಲಾ?" ಎಂದರು. ಯಜಮಾನರು ನಗಲಿಲ್ಲ. ತಮಾಷೆ ಮಾಡಿದ್ದಕ್ಕೆ ತಮ್ಮನ್ನೇ ಬೈದುಕೊಂಡು "ಬಾರೇ ಮಾರಾಯ್ತಿ" ಎಂದರು. ಕೈ ಇಟ್ಟರು. ಆದರೆ ಆ ಕೈಗೆ ಅಂದು ಏನೂ ಕೇಳಿಸಲಿಲ್ಲ. ಒಂದು ಹಾಳೆಯ ಕೆಳಗಿನ ದಾರವೂ ಸಿಗದಂಥ ಕೈಯಾಗಿತ್ತು ಅದು.

ಕೆಲಸ ಹೋದದ್ದು ಕೈಯಮ್ಮನ ದುಃಖವಲ್ಲ ಎಂಬುದನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಅರವತ್ತೈದು ವರ್ಷಕ್ಕೆ ಕೆಲಸ ಇಂದಲ್ಲ ನಾಳೆ ಬಿಡಲೇಬೇಕಿತ್ತು. ಹಾಳೆಯ ಮೇಲಿದ್ದ ನಾಲ್ಕು ಪದಗಳು, 'ರೋಗಿಗಳನ್ನು ಕೇಳದೆಯೇ ಮುಟ್ಟುವ ಅಭ್ಯಾಸ', ಅವೇ ಬೀದಿಯಲ್ಲಿ ಅವರ ಮುಂದೆ ನಡೆಯತೊಡಗಿದವು. ಬಾಯಿಂದ ಬಾಯಿಗೆ ಹೋಗುವಾಗ 'ರೋಗಿಗಳನ್ನು' ಬಿದ್ದುಹೋಯಿತು, 'ಅಭ್ಯಾಸ'ಕ್ಕೆ ಬೇರೆ ಬಣ್ಣ ಬಂತು. ಹಾಲಿನ ಬೂತಿನ ಮುಂದೆ ಮಾತಾಡುತ್ತಿದ್ದ ಹೆಂಗಸರು ಅವರನ್ನು ಕಂಡು ಮಾತು ನಿಲ್ಲಿಸಿದರು. ಮೇಲಿನ ಮನೆಯ ಸೊಸೆ, ಬಟ್ಟೆ ಹಿಂಡಿ ಹಿಂಡಿ ಹಿಡಿದ ಭುಜಕ್ಕೆಂದು ಶನಿವಾರ ಶನಿವಾರ ಇಳಿದು ಬರುತ್ತಿದ್ದವಳು, ಮೆಟ್ಟಿಲಲ್ಲೇ ನಿಂತು, "ಈಗ ಪರವಾಗಿಲ್ಲ ಆಂಟಿ, ಕಡಿಮೆಯಾಗಿದೆ" ಎಂದಳು. ಹಾಗೆನ್ನುವಾಗ ಅವಳ ಭುಜ ಕಿವಿಯವರೆಗೆ ಏರಿತ್ತು. ಕೈಯಮ್ಮನಿಗೆ ಅದು ಕಂಡಿತು.

ಕೋರ್ಟಿನಲ್ಲಿ ಸ್ಟೆನೋ ಆಗಿ ನಿವೃತ್ತರಾದ ಒಬ್ಬರಿದ್ದಾರೆ. ಅವರ ಬಲಗೈ ಒಂದು ಕಾಲದಲ್ಲಿ ಲೋಟ ಎತ್ತದಂತಾಗಿದ್ದಾಗ ಅದನ್ನು ಸರಿಮಾಡಿದವರು ಕೈಯಮ್ಮ. ಸುದ್ದಿ ತಿಳಿದು ಅವರೇ ಮನೆಗೆ ಬಂದರು.

"ವಿಚಾರಣೆಯಲ್ಲಿ ಅವರು ಕೇಳಿದ್ದೇನು, ನೀವು ಹೇಳಿದ್ದೇನು? ನೆನಪಿದ್ದಷ್ಟೂ ಹೇಳಿ. ಒಂದಕ್ಷರ ಸೇರಿಸ್ಬೇಡಿ, ಒಂದಕ್ಷರ ಬಿಡ್ಬೇಡಿ."

ಕೈಯಮ್ಮ ಹೇಳಿದರು. ಸ್ಟೆನೋ ಬರೆದುಕೊಂಡು, ನಡಾವಳಿಯ ನಕಲಿಗೆ ಅರ್ಜಿ ಹಾಕಿಸಿದರು. ನಕಲು ಕೈಸೇರಿದ್ದು ಏಪ್ರಿಲ್ 10ರಂದು. ಒಂಬತ್ತನೆಯ ಪ್ರಶ್ನೆಗೆ ಉತ್ತರ: 'ಬಾಯಲ್ಲಿ ಕೇಳುವುದಿಲ್ಲ ಎಂದು ತಿಳಿಸಿದರು.' ಪೂರ್ಣವಿರಾಮ.

"ಮುಂದಿನದು ಎಲ್ಲಿ?" ಎಂದರು ಕೈಯಮ್ಮ.

"ಇಲ್ಲ. ಇಲ್ಲಿಗೇ ಮುಗಿಸಿದ್ದಾರೆ. ನಾನು ಮೂವತ್ತಾರು ವರ್ಷ ಬೇರೆಯವರ ಮಾತು ಬರೆದೋನು ಕೈಯಮ್ಮಾ. ಕೈತಪ್ಪಿ ಒಂದು ಪದ ಬೀಳುತ್ತೆ, ಎರಡು ಬೀಳುತ್ತೆ. ಸರಿಯಾಗಿ ಅರ್ಥ ತಿರುಗೋ ಜಾಗದಲ್ಲಿ ಪೂರ್ಣವಿರಾಮ ತಾನಾಗಿ ಬೀಳೋದಿಲ್ಲ."

ನಕಲಿನ ಜೊತೆ ಇನ್ನೊಂದು ಹಾಳೆಯಿತ್ತು, ಅದೇ ಫಲಕಕ್ಕೂ ಹಚ್ಚಿದ್ದರ ಪ್ರತಿ: 'ಫಿಸಿಯೋಥೆರಪಿ ವಿಭಾಗದ ಹೊಸ ಕಾರ್ಯವಿಧಾನ. ರಚನೆ: ವಿಭಾಗದ ಮುಖ್ಯಸ್ಥೆ.' ಹೊಸ ಮುಖ್ಯಸ್ಥೆ ಚೂಟಿ. ಮೂರನೆಯ ನಿಯಮ ಹೀಗಿತ್ತು: 'ಚಿಕಿತ್ಸಕರು ರೋಗಿಯ ತಲೆಯ ಬಳಿ ನಿಂತು, ಮೆಲುದನಿಯಲ್ಲಿ "ಬರಲೇ?" ಎಂದು ಕೇಳಿ, ಒಪ್ಪಿಗೆ ದೊರೆತ ನಂತರವೇ ಮುಟ್ಟತಕ್ಕದ್ದು.'

ಕೈಯಮ್ಮ ಆ ಸಾಲನ್ನು ಎರಡು ಸಲ ಓದಿದರು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ; ಕೈ ಒಬ್ಬರದು, ಬಾಯಿ ಇನ್ನೊಬ್ಬರದು ಎಂದು ಗಾದೆ ಹೇಳಿರಲಿಲ್ಲ. ತಮ್ಮ 'ಬರ್ಲಾ'ವನ್ನು ತೊಳೆದು, ಇಸ್ತ್ರಿ ಮಾಡಿ, 'ಬರಲೇ' ಎಂದು ಕಟ್ಟು ಹಾಕಿ ನೇತುಹಾಕಿದ್ದಾರೆ. ಪಕ್ಕದಲ್ಲೇ ಇವರು ಕೇಳದೆ ಮುಟ್ಟುವವರು ಎಂಬ ಹಾಳೆ.

ತಿದ್ದುಪಡಿ ಕೋರಿ ಕೊಟ್ಟ ಅರ್ಜಿಗೆ ಅಧೀಕ್ಷಕರಿಂದ ಒಂದು ಸಾಲಿನ ಉತ್ತರ ಬಂತು: 'ನಡಾವಳಿಗೆ ತಾವೇ ಸಹಿ ಮಾಡಿರುತ್ತೀರಿ.'

ಏಪ್ರಿಲ್ 24, ಸೋಮವಾರ, ಹಾಳೆ ಹಚ್ಚಿದ ನಲವತ್ತೆರಡನೆಯ ದಿನ, ಕೈಯಮ್ಮ ಆಸ್ಪತ್ರೆಗೆ ಹೋದರು. ಮಧ್ಯಾಹ್ನದ ಬಿಡುವಿನ ಹೊತ್ತು. ಹನ್ನೆರಡನೆಯ ಕೋಣೆಯಲ್ಲಿ ಹಾಸಿಗೆಗಳು ಖಾಲಿ. ಚೂಟಿ ಕಂಪ್ಯೂಟರಿನ ಮುಂದೆ ಬಲ ಹೆಗಲನ್ನು ಎಡಗೈಯಿಂದ ಅದುಮಿಕೊಂಡು ಕುಳಿತಿದ್ದಳು. ಇವರನ್ನು ಕಂಡು ಎದ್ದು ನಿಂತಳು. ಹಳೆಯ ಅಭ್ಯಾಸ.

"ಕೂತ್ಕೋ" ಎಂದರು ಕೈಯಮ್ಮ. "ಒಂದೇ ಮಾತು ತಿಳ್ಕೊಳ್ಳೋಕೆ ಬಂದೆ. ನಾನು ಆವತ್ತು ಹೇಳಿದ್ದು ನಿನಗೆ ಪೂರ್ತಿ ಕೇಳಿಸ್ತು ತಾನೇ?"

"ಕೇಳಿಸ್ತು ಅಮ್ಮಾ."

"ಅರ್ಥವೂ ಆಯ್ತು?"

ಚೂಟಿ ಕೀಬೋರ್ಡನ್ನು ಸುಮ್ಮನೆ ಸರಿಸಿದಳು. "ಅಮ್ಮಾ, ನೀವು ಬೇಜಾರು ಮಾಡ್ಕೋಬಾರ್ದು. ಕೈಯಲ್ಲಿ ಕೇಳ್ತೀನಿ ಅಂತ ಬರೆದ್ರೆ ಅವರು ನಗ್ತಿದ್ರು. ಇದೇನು ಮಂತ್ರಾನಾ ಮಾಟಾನಾ ಅಂತಿದ್ರು. ನಿಮ್ಮ ಮರ್ಯಾದೆ ಉಳೀಲಿ ಅಂತ ಅದನ್ನ ಬಿಟ್ಟೆ."

"ನನ್ನ ಮರ್ಯಾದೆ ಉಳಿಸೋಕೆ?"

"ಇಡೀ ಡಿಪಾರ್ಟ್‌ಮೆಂಟೇ ಮುಚ್ಚಿಬಿಡ್ತಿದ್ರು ಅಮ್ಮಾ. ನಿಮಗೆ ಹೇಗೂ ವಯಸ್ಸಾಯ್ತು. ನಾವು ಇನ್ನೂ ಇಪ್ಪತ್ತು ವರ್ಷ ಇಲ್ಲಿ ಇರ್ಬೇಕು."

"ಅವರು ನಕ್ಕಿದ್ರೆ ನಾನೂ ಜೊತೆಗೆ ನಗ್ತಿದ್ದೆನಲ್ಲೇ. ನಗೋದಕ್ಕೆ ಯಾರಾದ್ರೂ ಸತ್ತಿದ್ದಾರಾ? 'ಬರ್ಲಾ ಅಂತಾರೆ ಇವರು' ಅಂತ ಒಂದು ಮಾತು ಹೇಳೋಕೆ ನಿನ್ನ ಬಾಯಿಗೇನಾಗಿತ್ತು? ಬರೆದು ಗೋಡೆಗೆ ಹಾಕೋಕೆ ಮಾತ್ರ ನೆನಪು ಬಂತು."

ಚೂಟಿ ಮತ್ತೆ ಹೆಗಲಿಗೆ ಕೈ ಹಾಕಿ ಅದುಮಿಕೊಂಡಳು. ಅಳುವ ಹಾಗೆ ಕಂಡಳು, ಅಳಲಿಲ್ಲ. ಹನ್ನೊಂದು ಹಾಳೆಗಳ ಕೆಳಗಿನ ದಾರವನ್ನು ಕಂಡುಹಿಡಿಯಬಲ್ಲ ಬೆರಳು ಒಂದು ಹಾಳೆಯ ಮೇಲಿನ ಮೂರು ಪದವನ್ನು ಅಳಿಸಿತ್ತು. ಇಂಥದ್ದನ್ನು ಜನ 'ಕೈ ಕೊಟ್ಟಳು' ಎನ್ನುತ್ತಾರೆ. ನಿಜವಾಗಿ ಕೈ ಕೊಟ್ಟವರು ಕೈಯಮ್ಮ. ಎರಡು ವರ್ಷ, ಬೆರಳು ಬೆರಳಾಗಿ ಕೊಟ್ಟವರು. ಆ ಕೈಯೇ ತಿರುಗಿ ಬಂದಿತ್ತು.

ಚೂಟಿಯ ಬಲ ಹೆಗಲು ಮೇಲೇರಿ ಗಟ್ಟಿಯಾಗಿರುವುದು ಬಾಗಿಲಿಂದಲೇ ಕೈಯಮ್ಮನಿಗೆ ಕಂಡಿತ್ತು. ಎಷ್ಟು ಸಿಟ್ಟಿದ್ದರೂ ಕೈ ತನ್ನ ಬುದ್ಧಿ ಬಿಡುವುದಿಲ್ಲ. ಅವರು ಕುರ್ಚಿಯ ಹಿಂದೆ ಹೋಗಿ ನಿಂತರು. ಮೂರನೆಯ ನಿಯಮದ ಪ್ರಕಾರ, ಮೆಲುದನಿಯಲ್ಲಿ, ಒಂದೊಂದೇ ಅಕ್ಷರ ಬಿಡಿಸಿ ಕೇಳಿದರು:

"ಬ-ರ-ಲೇ?"

ಚೂಟಿ ಮುಖ ತಗ್ಗಿಸಿದಳು. ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಗೋಡೆಯ ಗಡಿಯಾರದ ಸೆಕೆಂಡಿನ ಮುಳ್ಳು ಒಂದು ಸುತ್ತು ಹಾಕಿತು, ಇನ್ನೂ ಅರ್ಧ ಸುತ್ತು ಹೋಯಿತು. ತೊಂಬತ್ತು ಎಣಿಸಿದ ಕೈಯಮ್ಮ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಆ ಟೀಚರ್ ಬೆಚ್ಚಿದ ದಿನದಿಂದ ಆ ಕೋಣೆಯಲ್ಲಿ ಒಪ್ಪಿಗೆಯಿಲ್ಲದೆ ಅವರು ಯಾರನ್ನೂ ಮುಟ್ಟಿದವರಲ್ಲ, ಅಂದೂ ಮುಟ್ಟಲಿಲ್ಲ.

ಹೊರಗೆ ಬಂದು ಬಾಗಿಲು ಎಳೆದುಕೊಂಡರು. ಫಲಕದ ಮೇಲಿನ ಹಾಳೆಯ ಒಂದು ಪಿನ್ನು ಬಿದ್ದು ಮೂಲೆ ಮಡಿಸಿಕೊಂಡಿತ್ತು. ಹರಿದುಹಾಕಬಹುದಿತ್ತು, ಯಾರೂ ಇರಲಿಲ್ಲ. ಮಡಿಸಿದ ಮೂಲೆಯನ್ನು ನೇರಮಾಡಿ ಬಂದರು. "ಅದು ಹಾಗೇ ಇರ್ಲಿ, ತೆಗೆಯೋರು ತೆಗೀಬೇಕು" ಎಂದರಂತೆ ಮನೆಗೆ ಬಂದು.

ಆದ್ದರಿಂದ, ಅಧೀಕ್ಷಕರೇ, ಪರಿಶೀಲಕರೇ, ಕಾರ್ಯದರ್ಶಿಯವರೇ: ನಿಮ್ಮಿಂದ ಯಾರೂ ಹುದ್ದೆ ಬೇಡುತ್ತಿಲ್ಲ, ಸನ್ಮಾನ ಬೇಡುತ್ತಿಲ್ಲ. ಮಾರ್ಚ್ 2ರ ನಡಾವಳಿಯ ಒಂಬತ್ತನೆಯ ಉತ್ತರದಿಂದ ನೀವು ಬಿಟ್ಟ ಮೂರು ಪದಗಳನ್ನು, 'ನಾನು ಕೇಳೋದು ಕೈಯಲ್ಲಿ' ಎಂಬಷ್ಟನ್ನು, ಅವರ ಬಾಯಿಂದ ಬಂದ ಹಾಗೆಯೇ ಹಿಂದಿರುಗಿಸಿ. ಫಲಕದ ಮೇಲಿನ ಹಾಳೆಯನ್ನು ಇಳಿಸಿ, ಅದೇ ಜಾಗದಲ್ಲಿ, ಅದೇ ಗಾತ್ರದ ಅಕ್ಷರದಲ್ಲಿ, ಅದು ತೂಗಿದಷ್ಟೇ ದಿನ, ಅದು ತಪ್ಪೆಂದು ಹಾಕಿ. ನಿಮ್ಮ ಮೂರನೆಯ ನಿಯಮದ ಮುಂದೆ ಆ ಮಾತು ಯಾರದೆಂದು ಬರೆಯಿರಿ. ಬರೆದ ಹಾಳೆಯನ್ನು ಕೈಯಮ್ಮನ ಸಹಿಗೆ ಅಂಚೆಯಲ್ಲಿ ಕಳಿಸಬೇಡಿ. ಮೂವರೂ ಹೊತ್ತು ತನ್ನಿ, ಈ ಸಲ ಅವರು ಕನ್ನಡಕ ಹಾಕಿಕೊಂಡು ಓದುವವರೆಗೆ ಕಾಯಿರಿ. ಮನೆಯ ಬಾಗಿಲು ತೆರೆದೇ ಇರುತ್ತದೆ. ಆದರೂ ಹೊಸ್ತಿಲಲ್ಲಿ ನಿಂತು, ಒಳಗೆ ಕಾಲಿಡುವ ಮುನ್ನ, 'ಬರ್ಲಾ?' ಎಂದು ಕೇಳಿ. ಬಾಯಲ್ಲೇ ಕೇಳಿ; ನಿಮಗೆ ಗೊತ್ತಿರುವುದು ಅದೊಂದೇ ತಾನೇ.